ತಪಸ್ಸುಕಾಲದ ವಸಂತ: ಜಾರ್ಜ್ ಹರ್ಬರ್ಟನ ಕಾವ್ಯದಲ್ಲಿ ಒಂದು ಋತುರೂಪಕ

೧

ಇಂಗ್ಲಿಷ್ ಕಾವ್ಯದ ವಸಂತವು ಕನ್ನಡ ಓದುಗರಲ್ಲಿ ಬಹುಮಂದಿಗೆ ಪರಿಚಯವಾದದ್ದು ಬಿ.ಎಂ. ಶ್ರೀಕಂಠಯ್ಯನವರ 'ವಸಂತ' ಕವಿತೆಯ ಮೂಲಕ. ೧೯೨೬ರ 'ಇಂಗ್ಲಿಷ್ ಗೀತಗಳು' ಸಂಕಲನದ ಈ ರಚನೆಗೆ ಆಧಾರವಾದದ್ದು ಎಲಿಜಬೆತ್ ಯುಗದ ಲೇಖಕ ಥಾಮಸ್ ನ್ಯಾಶನ ಒಂದು ನಾಟಕಗೀತೆ. ಹಕ್ಕಿಗಳ ಉಲಿ, ಹೂವಿನ ಸೊಗಸು, ಎಳೆಯರ ನಲಿವು ಇವೆಲ್ಲವನ್ನೂ ಪರಿವಾರವಾಗಿ ಮಾಡಿಕೊಂಡು ಅರಸನಂತೆ ಬರುವ ಈ ಋತುವನ್ನು ಕನ್ನಡ ಮನಸ್ಸು ಅನಾಯಾಸವಾಗಿ ತನ್ನದಾಗಿಸಿಕೊಂಡಿತು. ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯನ್ನು ಸೇರಿಸಿದ್ದ, ವಸಂತನನ್ನು ಕಾಮನ ಗೆಳೆಯನೆಂದು ಬಲ್ಲ ನಮ್ಮ ಕಾವ್ಯಪರಂಪರೆಗೆ ನ್ಯಾಶನ ವಸಂತವು ಹೊರಗಿನದೆಂದು ತೋರಲಿಲ್ಲ.

ಈ ಸಾಮೀಪ್ಯವು ನಮ್ಮ ತೌಲನಿಕ ಅಧ್ಯಯನಗಳಲ್ಲಿ ಒಂದು ಅಭ್ಯಾಸವನ್ನೂ ಬೆಳೆಸಿದೆ. ಇಂಗ್ಲಿಷ್ ಕವಿತೆಯೊಂದರಲ್ಲಿ ಚಿಗುರು ಕಂಡೊಡನೆ ಅದರ ಪಕ್ಕದಲ್ಲಿ ನಮ್ಮ ಚಂಪೂಕಾವ್ಯದ ವಸಂತವರ್ಣನೆಯೊಂದನ್ನು ಇಟ್ಟು, ಎರಡರ ಸಾಮ್ಯವನ್ನು ಪಟ್ಟಿಮಾಡಿ ತೃಪ್ತರಾಗುವುದೇ ಆ ಅಭ್ಯಾಸ. ಇದಕ್ಕೆ ನಾವೂ ಹೊರತಾಗಿರಲಿಲ್ಲ. ಹಲವು ವರ್ಷಗಳ ಹಿಂದೆ ವಿಚಾರಸಂಕಿರಣವೊಂದರಲ್ಲಿ ಮಂಡಿಸಿದ ಪ್ರಬಂಧದಲ್ಲಿ ನಾವು ಹದಿನೇಳನೆಯ ಶತಮಾನದ ಕವಿ ಜಾರ್ಜ್ ಹರ್ಬರ್ಟನ 'ದಿ ಫ್ಲವರ್' ಕವಿತೆಯನ್ನು ವಸಂತವರ್ಣನೆಯ ಕ್ರೈಸ್ತ ರೂಪಾಂತರವೆಂದು ಕರೆದಿದ್ದೆವು. ಈಸ್ಟರಿಗೆ ಮುನ್ನ ಬರುವ ಲೆಂಟ್ ಎಂಬ ಉಪವಾಸಕಾಲದ ಆಧ್ಯಾತ್ಮಿಕ ಬೆಳವಣಿಗೆಗೆ ಅದೊಂದು ಸುಂದರ ರೂಪಕವೆಂದೂ ಹೇಳಿದ್ದೆವು. ಪ್ರಬಂಧ ಮುಗಿದ ಬಳಿಕ ಚೆನ್ನೈಯಿಂದ ಬಂದಿದ್ದ ಸಂಶೋಧನ ವಿದ್ಯಾರ್ಥಿನಿಯೊಬ್ಬರು ಎದ್ದುನಿಂತು ಒಂದು ಪ್ರಶ್ನೆ ಕೇಳಿದರು: ತಮಿಳು ಕ್ರೈಸ್ತರು ಈ ಕಾಲವನ್ನು 'ತವಕ್ಕಾಲಂ' ಎನ್ನುತ್ತಾರೆ, ಅಂದರೆ ತಪಸ್ಸಿನ ಕಾಲ, ನಮ್ಮ ಕಾವ್ಯಗಳಲ್ಲಿ ತಪಸ್ಸನ್ನು ಕೆಡಿಸಲೆಂದೇ ಬರುವವನು ವಸಂತನಲ್ಲವೆ? ಹಾಗಾದರೆ ವಸಂತವು ತಪಸ್ಸಿಗೆ ರೂಪಕವಾಗುವುದು ಹೇಗೆ?

ಅಂದು ನಮ್ಮ ಬಳಿ ಉತ್ತರವಿರಲಿಲ್ಲ. ಸಾಮ್ಯವನ್ನೇ ಹುಡುಕುತ್ತಿದ್ದ ನಮಗೆ ಕಣ್ಣೆದುರಿನ ವಿರೋಧವು ಕಂಡಿರಲಿಲ್ಲ. ಪ್ರಸ್ತುತ ಲೇಖನವು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ನಮ್ಮ ಹಿಂದಿನ ಮಾತಿನ ತಿದ್ದುಪಡಿಯೂ ಹೌದು.

೨

ಮೊದಲು ಹೆಸರುಗಳನ್ನು ನೋಡೋಣ. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ ೪೬ ದಿನಗಳಾಗುತ್ತವೆ. ನಡುವಿನ ಆರು ಭಾನುವಾರಗಳನ್ನು ಕಳೆದರೆ ಉಳಿಯುವುದು ೪೦. ಯೇಸು ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದು ಪ್ರಲೋಭನೆಗಳನ್ನು ಗೆದ್ದನೆಂಬ ಸುವಾರ್ತೆಯ ಕಥನವೇ ಈ ಸಂಖ್ಯೆಗೆ ಆಧಾರ. ಆದ್ದರಿಂದ ಲ್ಯಾಟಿನ್ ಭಾಷೆಯಲ್ಲಿ ಈ ಅವಧಿಗೆ 'ಕ್ವಾಡ್ರಾಗೆಸಿಮಾ', ಎಂದರೆ 'ನಲವತ್ತನೆಯದು', ಎಂಬ ಹೆಸರು ಬಂದಿತು. ಪೋರ್ಚುಗೀಸರ 'ಕ್ವರೆಸ್ಮ', ಅದರಿಂದ ಬಂದ ಮಂಗಳೂರು ಕೊಂಕಣಿಯ 'ಕರೆಜ್ಮ್', ಹಿಂದಿಯ 'ಚಾಲೀಸಾ' ಎಲ್ಲವೂ ಈ ಸಂಖ್ಯಾನಾಮದ ಸಂತತಿ. ಮುಂಬೈಯಲ್ಲಿಯೂ ದೆಹಲಿಯಲ್ಲಿಯೂ ಇರುವ ನಮ್ಮ ಓದುಗರು ಇವುಗಳನ್ನು ನೆರೆಹೊರೆಯಲ್ಲಿಯೇ ಕೇಳಿರಬಹುದು.

ದಕ್ಷಿಣದ ಭಾಷೆಗಳು ಬೇರೆ ದಾರಿ ಹಿಡಿದವು. ತಮಿಳಿನ 'ತವಕ್ಕಾಲಂ' ಮತ್ತು ಕನ್ನಡ ಕಥೋಲಿಕರ 'ತಪಸ್ಸುಕಾಲ' ಒಂದೇ ಕಲ್ಪನೆಯವು. ಮಲೆಯಾಳದ 'ನೋಂಬು' ವ್ರತವಾಚಕ; ನಮ್ಮ ಜೈನ ಸಾಹಿತ್ಯದ 'ನೋಂಪಿ'ಗೆ ಅದು ಸೋದರಪದ. ಇವು ಸಂಖ್ಯೆಯನ್ನು ಹೇಳದೆ ಆಚರಣೆಯನ್ನು ಹೇಳುವ ಹೆಸರುಗಳು.

ಇಂಗ್ಲಿಷಿನ 'ಲೆಂಟ್' ಈ ಎರಡು ವರ್ಗಕ್ಕೂ ಸೇರುವುದಿಲ್ಲ. ಹಳೆಯ ಇಂಗ್ಲಿಷಿನ 'ಲೆಂಕ್ಟನ್' ಪದದ ಅರ್ಥ ವಸಂತಋತು. ಹಗಲು ನೀಳವಾಗುವ ಕಾಲ ಎಂಬ ಮೂಲಾರ್ಥವನ್ನು ನಿರುಕ್ತಕಾರರು ಅದಕ್ಕೆ ಹೇಳುತ್ತಾರೆ. ಡಚ್ಚಿನ 'ಲೆಂಟ' ಇಂದಿಗೂ ವಸಂತವೇ. ಜರ್ಮನ್ ಕವಿಗಳ 'ಲೆಂಟ್ಸ್' ಕೂಡ ವಸಂತವೇ. ವಸಂತದಲ್ಲಿ ಬರುವ ಉಪವಾಸವೆಂಬ ಕಾರಣದಿಂದ ಋತುವಿನ ಹೆಸರೇ ವ್ರತದ ಹೆಸರಾಯಿತು. ಸುಮಾರು ೧೩೪೦ರಲ್ಲಿ ಪ್ರತಿಯಾದ 'ಹಾರ್ಲಿ ೨೨೫೩' ಹಸ್ತಪ್ರತಿಯಲ್ಲಿರುವ ಒಂದು ಪ್ರಸಿದ್ಧ ಪ್ರಣಯಗೀತೆಯಲ್ಲಿ ಈ ಪದ ಇನ್ನೂ ಬರಿಯ ವಸಂತವಾಗಿಯೇ ಉಳಿದಿದೆ; ಅಲ್ಲಿ ಉಪವಾಸದ ಸುಳಿವೂ ಇಲ್ಲ. ಆಮೇಲೆ ಋತುವಿಗೆ 'ಸ್ಪ್ರಿಂಗ್' ಎಂಬ ಹೊಸ ಹೆಸರು ರೂಢಿಗೆ ಬಂದಂತೆ 'ಲೆಂಟ್' ಉಪವಾಸಕ್ಕೆ ಮಾತ್ರ ಉಳಿಯಿತು. ಹೀಗೆ ಒಂದು ಪದದೊಳಗೆ ಕೂಡಿದ್ದ ಚಿಗುರು ಮತ್ತು ಹಸಿವು ಬೇರೆಬೇರೆಯಾದವು. ಹರ್ಬರ್ಟನ ಕಾಲಕ್ಕೆ ರೂಪಕವು ಪದದೊಳಗೆ ನಿದ್ರಿಸುತ್ತಿತ್ತು. ಅದನ್ನು ಎಚ್ಚರಿಸುವ ಹೊಣೆ ಕವಿತೆಯ ಮೇಲೆ ಬಿದ್ದಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಶ್ಚಿಮದ ಸಭೆಗಳಲ್ಲಿ ಈಸ್ಟರ್ ಹಬ್ಬವು ಮಾರ್ಚ್ ೨೨ ಮತ್ತು ಏಪ್ರಿಲ್ ೨೫ರ ನಡುವೆ ಬರುತ್ತದೆ. ಮಾರ್ಚ್ ೨೧ರಂದು ಅಥವಾ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಅದರ ದಿನ. ಹೀಗೆ ಪಂಚಾಂಗವೇ ಈ ಹಬ್ಬವನ್ನು ಉತ್ತರಾರ್ಧಗೋಳದ ವಸಂತಕ್ಕೆ ಕಟ್ಟಿಹಾಕಿದೆ. ಆಸ್ಟ್ರೇಲಿಯದಲ್ಲಿ ಅದೇ ನಲವತ್ತು ದಿನಗಳು ಎಲೆಯುದುರುವ ಕಾಲದಲ್ಲಿ ಬರುತ್ತವೆ. ಆಚರಣೆಗೆ ಅದರಿಂದ ಕೊರತೆಯೇನೂ ಆಗುವುದಿಲ್ಲ. ಬೈಬಲಿನ ನೆಲದಲ್ಲಿಯೂ ವಸಂತವೆಂದರೆ ಹಿಮ ಕರಗುವುದಲ್ಲ. ಪಾಸ್ಖ ಹಬ್ಬ ಬರುವ 'ಅಬೀಬ್' ಮಾಸದ ಹೆಸರಿಗೆ ಜವೆಗೋದಿಯ ತೆನೆ ಎಂಬರ್ಥ. ಅಲ್ಲಿ ಅದು ಕೊಯ್ಲಿನ ಮೊದಲು. ಆದ್ದರಿಂದ ವಸಂತರೂಪಕವು ಕ್ರೈಸ್ತಧರ್ಮದ ಸಾರ್ವತ್ರಿಕ ಲಕ್ಷಣವೆಂದು ಹೇಳುವುದು ಸರಿಯಾಗದು. ಅದು ಒಂದು ಹವೆಯಲ್ಲಿ, ಒಂದು ಭಾಷಾಕುಟುಂಬದಲ್ಲಿ ಹುಟ್ಟಿದ್ದು.

೩

ಮಧ್ಯಯುಗದ ಕ್ರೈಸ್ತ ಸಾಹಿತ್ಯದಲ್ಲಿ ವಸಂತವನ್ನು ಎಲ್ಲಿ ನಿಲ್ಲಿಸಬೇಕೆಂಬ ವಿಚಾರದಲ್ಲಿ ಎರಡು ಪರಂಪರೆಗಳನ್ನು ಗುರುತಿಸಬಹುದು.

ಮೊದಲನೆಯದು ವಸಂತವನ್ನು ಹಬ್ಬಕ್ಕೆ ಕೊಡುತ್ತದೆ. ಆರನೆಯ ಶತಮಾನದ ವೆನಾನ್ಷಿಯಸ್ ಫಾರ್ಚುನಾಟಸನು ನಾಂಟ್ ನಗರದ ಬಿಷಪ್ ಫೆಲಿಕ್ಸನನ್ನು ಉದ್ದೇಶಿಸಿ ಬರೆದ ಲ್ಯಾಟಿನ್ ಈಸ್ಟರ್ ಕವಿತೆ ಇದಕ್ಕೆ ಉತ್ತಮ ನಿದರ್ಶನ. ಪುನರುತ್ಥಾನಗೊಂಡ ಪ್ರಭುವಿನೊಡನೆ ಇಡೀ ನಿಸರ್ಗ ಮರಳಿ ಬರುತ್ತದೆಂಬುದು ಅದರ ಆಶಯ. ಇದರಿಂದ ಆಯ್ದ ಭಾಗಗಳು ಮೆರವಣಿಗೆಯ ಸ್ತೋತ್ರವಾಗಿ ಯೂರೋಪಿನ ಚರ್ಚುಗಳಲ್ಲಿ ಶತಮಾನಗಳ ಕಾಲ ಹಾಡಲ್ಪಟ್ಟವು. ಇಲ್ಲಿ ಉಪವಾಸದ ನಲವತ್ತು ದಿನಗಳು ಚಳಿಗಾಲಕ್ಕೆ ಸೇರಿದವು. ವಸಂತವು ಅವುಗಳ ಕೊನೆಗೆ ದೊರೆಯುವ ಫಲ.

ಎರಡನೆಯ ಪರಂಪರೆಯು ವಸಂತವನ್ನು ದಾರಿಯ ನಡುವೆ ನಿಲ್ಲಿಸುತ್ತದೆ. ಇದರ ಬೇರು ಬೈಬಲಿನ ಪರಮಗೀತೆಯ ಎರಡನೆಯ ಅಧ್ಯಾಯದಲ್ಲಿದೆ. ಚಳಿಗಾಲ ಕಳೆಯಿತು, ಹೂ ಕಾಣಿಸಿಕೊಂಡವು ಎಂದು ಪ್ರಿಯನು ಪ್ರಿಯೆಯನ್ನು ಕರೆಯುವ ಆ ಸಂದರ್ಭದಲ್ಲಿ ಒಂದು ಹೀಬ್ರೂ ಪದವಿದೆ. 'ಜಾಮೀರ್' ಎಂಬ ಆ ಪದದ ಧಾತುವಿಗೆ ಹಾಡುವುದು, ಬಳ್ಳಿಯನ್ನು ಸವರುವುದು ಎಂಬ ಎರಡು ಅರ್ಥಗಳುಂಟು. ೧೬೧೧ರ ಇಂಗ್ಲಿಷ್ ಅನುವಾದವು ಹಾಡಿನ ಅರ್ಥವನ್ನು ಆರಿಸಿಕೊಂಡು, ಹಾಡುವವರು ಯಾರೆಂಬುದು ಸ್ಪಷ್ಟವಾಗಲೆಂದು ಹಕ್ಕಿಗಳನ್ನು ತಾನೇ ಸೇರಿಸಿತು. ಆದರೆ ಅದಕ್ಕೆ ಬಹಳ ಹಿಂದಿನ ಗ್ರೀಕ್ ಅನುವಾದವೂ ಜೆರೋಮನ ಲ್ಯಾಟಿನ್ ಅನುವಾದವೂ ಸವರುವ ಅರ್ಥವನ್ನೇ ಹಿಡಿದಿದ್ದವು. ಲ್ಯಾಟಿನ್ ಓದುತ್ತಿದ್ದ ಮಧ್ಯಯುಗದ ಸಂನ್ಯಾಸಿಗೆ ಆ ವಚನದಲ್ಲಿ ಹಕ್ಕಿಯ ದನಿ ಕೇಳಿಸುವ ಮೊದಲು ಕುಡುಗೋಲು ಕಾಣಿಸುತ್ತಿತ್ತು.

ಹನ್ನೆರಡನೆಯ ಶತಮಾನದ ಕ್ಲೇರ್ವೋ ಮಠದ ಬರ್ನಾರ್ಡನು ಪರಮಗೀತೆಯನ್ನು ಕುರಿತು ನೀಡಿದ ೮೬ ಉಪದೇಶಗಳಲ್ಲಿ ಐವತ್ತೆಂಟನೆಯದು ಈ ವಚನವನ್ನು ವಿವರಿಸುತ್ತದೆ. ಬಳ್ಳಿ ಎಂದರೆ ಆತ್ಮ, ಸವರುವುದು ಎಂದರೆ ದೋಷಗಳನ್ನು ಕತ್ತರಿಸುವುದು ಎಂಬಲ್ಲಿಗೆ ಆತ ನಿಂತಿದ್ದರೆ ಅದು ಸಾಮಾನ್ಯ ಅನ್ಯೋಕ್ತಿಯಾಗುತ್ತಿತ್ತು. ಆತನ ಗಮನ ಹೋಗುವುದು ಮುಂದಿನ ಸಂಗತಿಯ ಕಡೆಗೆ. ಸವರಿದ್ದು ಮತ್ತೆ ಚಿಗುರುತ್ತದೆ, ಅಟ್ಟಿದ್ದು ಮತ್ತೆ ಬರುತ್ತದೆ. ಆದ್ದರಿಂದ ಒಮ್ಮೆ ಸವರಿದರೆ ಸಾಲದು, ಪದೇ ಪದೇ ಸವರಬೇಕು ಎಂದು ಆತ ಎಚ್ಚರಿಸುತ್ತಾನೆ. ಇದು ತೋಟವನ್ನು ಬಲ್ಲವನ ಮಾತು. ವಸಂತದಲ್ಲಿ ಫಲದ ಚಿಗುರೂ ಕಳೆಯ ಚಿಗುರೂ ಒಂದೇ ಬಿಸಿಲಿನಲ್ಲಿ ಮೇಲೇಳುತ್ತವೆ. ಜೀವಶಕ್ತಿ ಹೆಚ್ಚಿದಷ್ಟೂ ಕತ್ತಿಯ ಕೆಲಸ ಹೆಚ್ಚುತ್ತದೆ. ಈ ನಿಲುವಿನಲ್ಲಿ ವಸಂತವು ಸಾಧನೆಯ ಫಲವಾಗದೆ, ಸಾಧನೆಯನ್ನು ಅನಿವಾರ್ಯಗೊಳಿಸುವ ಸ್ಥಿತಿಯಾಗುತ್ತದೆ. ವಸಂತದ ಹೆಸರನ್ನು ಉಪವಾಸಕ್ಕೆ ಕೊಟ್ಟ ಇಂಗ್ಲಿಷ್ ಪದವು ಅರಿಯದೆಯೇ ಹೇಳುತ್ತಿದ್ದುದು ಇದನ್ನೇ.

೪

ಜಾರ್ಜ್ ಹರ್ಬರ್ಟ್ ೧೫೯೩ರಲ್ಲಿ ವೇಲ್ಸಿನ ಮಾಂಟ್‌ಗಮರಿಯಲ್ಲಿ ಹುಟ್ಟಿದನು. ೧೬೨೦ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಅಧಿಕೃತ ವಾಗ್ಮಿಯಾಗಿ ಆಯ್ಕೆಯಾದ ಈತ ರಾಜಾಸ್ಥಾನದ ಸ್ಥಾನಮಾನಗಳನ್ನು ನಿರೀಕ್ಷಿಸಬಹುದಾಗಿತ್ತು. ಆದರೆ ೧೬೩೦ರಲ್ಲಿ ಸಾಲ್ಸ್‌ಬರಿಯ ಸಮೀಪದ ಬೆಮರ್ಟನ್ ಎಂಬ ಹಳ್ಳಿಯ ಪಾದ್ರಿಯಾದನು. ಮೂರು ವರ್ಷ ತುಂಬುವ ಮೊದಲೇ, ೧೬೩೩ರ ಮಾರ್ಚ್ ೧ರಂದು ಕ್ಷಯರೋಗದಿಂದ ತೀರಿಕೊಂಡನು. ಆತನ ಇಂಗ್ಲಿಷ್ ಕವಿತೆಗಳ ಸಂಕಲನ 'ದಿ ಟೆಂಪಲ್' ಅದೇ ವರ್ಷ, ಮರಣಾನಂತರ, ಗೆಳೆಯ ನಿಕೊಲಸ್ ಫೆರಾರನ ಮೂಲಕ ಪ್ರಕಟವಾಯಿತು.

ಈ ಸಂಕಲನದಲ್ಲಿ 'ಲೆಂಟ್' ಎಂಬ ಹೆಸರಿನದೇ ಒಂದು ಕವಿತೆಯಿದೆ. ಆಶ್ಚರ್ಯವೆಂದರೆ ಅದರಲ್ಲಿ ಒಂದು ಹೂವೂ ಇಲ್ಲ. ಉಪವಾಸವನ್ನು ಔತಣವೆಂದು ಸ್ವಾಗತಿಸುವ ವಿರೋಧಾಭಾಸದಿಂದ ಕವಿತೆ ಮೊದಲಾಗುತ್ತದೆ. ಮಿತಾಹಾರದಿಂದ ದೇಹಕ್ಕೂ ಮನಸ್ಸಿಗೂ ಒದಗುವ ಹಗುರತನವನ್ನು ವೈದ್ಯನ ಮಾತಿನಂತೆ ವಿವರಿಸುತ್ತದೆ. ಕ್ರಿಸ್ತನ ನಲವತ್ತನೆಯ ದಿನವನ್ನು ನಾವು ಮುಟ್ಟಲಾರೆವು, ಆದರೂ ಕೂತಿರುವುದಕ್ಕಿಂತ ಆ ದಾರಿಯಲ್ಲಿ ಅರ್ಧ ನಡೆಯುವುದು ಮೇಲು ಎಂಬ ವಿನಯದ ತರ್ಕ ನಡುವೆ ಬರುತ್ತದೆ. ಮುಂದೆ ಸಾಗುತ್ತಿರುವ ದೇವರು ಬಹುಶಃ ಹಿಂತಿರುಗಿ ತನ್ನ ಕೈ ಹಿಡಿದಾನು ಎಂಬ ಆಸೆಯೂ ಅಲ್ಲಿದೆ. ಬಡವರಿಗೆ ಉಣಬಡಿಸಿ, ಅವರ ಪಂಕ್ತಿಯಲ್ಲಿ ತನ್ನ ಆತ್ಮವನ್ನೂ ಒಬ್ಬ ಬಡವನಂತೆ ಕೂರಿಸುವ ಚಿತ್ರದೊಡನೆ ಕವಿತೆ ಮುಗಿಯುತ್ತದೆ. ವಸಂತರೂಪಕವನ್ನು ಹುಡುಕಿಕೊಂಡು ಬಂದವರಿಗೆ ಇಲ್ಲಿ ನಿರಾಶೆಯಾಗುವುದು ಸಹಜ. ಅತ್ತ 'ದಿ ಫ್ಲವರ್' ಕವಿತೆಯಲ್ಲಿ ವಸಂತವಿದೆ, ಲೆಂಟಿನ ಹೆಸರಿಲ್ಲ. ಎರಡನ್ನೂ ಕೂಡಿಸಿ ಓದುವಾಗ ಸೇತುವೆಯನ್ನು ನಾವು ಕಟ್ಟುತ್ತಿದ್ದೇವೆ ಎಂಬ ಅರಿವಿರಬೇಕು. ಆ ಸೇತುವೆಗೆ ಕಂಬವಾಗಿ ಒದಗುವುದು 'ಪ್ಯಾರಡೈಸ್' ಎಂಬ ಪುಟ್ಟ ಕವಿತೆ.

ಹದಿನೈದು ಸಾಲುಗಳ 'ಪ್ಯಾರಡೈಸ್' ದೇವರ ತೋಟದಲ್ಲಿ ಸಾಲಾಗಿ ನಿಂತ ಮರಗಳ ಪೈಕಿ ತಾನೊಂದು ಎಂದು ಭಾವಿಸುವವನ ಮಾತು. ಸವರುವ ಕತ್ತಿಗೆ ಆತ ಹೆದರುವುದಿಲ್ಲ. ಅದು ತಾಗದಿದ್ದರೇ ಆತನಿಗೆ ಭಯ. ಕವಿತೆಯ ರಚನೆಯೇ ಈ ಮಾತನ್ನು ಮಾಡಿ ತೋರಿಸುತ್ತದೆ. ಪ್ರತಿ ತ್ರಿಪದಿಯ ಮೊದಲ ಸಾಲಿನ ಕೊನೆಯ ಪದದಿಂದ ಆದ್ಯಕ್ಷರವೊಂದನ್ನು ಕಳೆದರೆ ಎರಡನೆಯ ಸಾಲಿನ ಪ್ರಾಸಪದ ಹುಟ್ಟುತ್ತದೆ; ಅದರಿಂದ ಮತ್ತೊಂದನ್ನು ಕಳೆದರೆ ಮೂರನೆಯದು. 'ಬೆಳೆ' ಎಂಬ ಅರ್ಥದ ಪದವನ್ನು ಸವರಿದಾಗ 'ಸಾಲು' ಎಂಬ ಅರ್ಥದ ಪದ ದೊರೆಯುತ್ತದೆ. ಸಂಸ್ಕೃತ ಚಿತ್ರಕಾವ್ಯದ ಅಕ್ಷರಚ್ಯುತಕವನ್ನು ಬಲ್ಲವರಿಗೆ ಈ ತಂತ್ರ ಹೊಸದಲ್ಲ. ಆದರೆ ಅಲ್ಲಿ ಅದು ಸಾಮಾನ್ಯವಾಗಿ ಗೋಷ್ಠಿಯ ವಿನೋದ. ಇಲ್ಲಿ ಕಳೆದುಕೊಳ್ಳುವುದರಿಂದಲೇ ಅರ್ಥ ಹುಟ್ಟುತ್ತದೆ ಎಂಬ ತತ್ತ್ವವು ಓದುಗನ ಕಣ್ಣೆದುರು ಸಿದ್ಧವಾಗುತ್ತದೆ. ಬರ್ನಾರ್ಡನ ಉಪದೇಶದಲ್ಲಿ ವಿಚಾರವಾಗಿದ್ದದ್ದು ಹರ್ಬರ್ಟನಲ್ಲಿ ಛಂದಸ್ಸಾಗಿದೆ. ಉಪವಾಸದ ನಲವತ್ತು ದಿನಗಳನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಚಿಕ್ಕ, ಇದಕ್ಕಿಂತ ಖಚಿತವಾದ ಪ್ರತಿಮೆ ಇರಲಾರದು.

ಈಗ 'ದಿ ಫ್ಲವರ್'. ಏಳು ಸಾಲುಗಳ ಏಳು ಪದ್ಯಗಳಿರುವ ಈ ಕವಿತೆಯ ಆರಂಭದಲ್ಲಿ ವಸಂತ ಬಂದಾಗಿದೆ. ದುಃಖವು ಹಿಮದಂತೆ ಕರಗಿದೆ. ನಾವು ಹಿಂದೆ ಕವಿತೆಯನ್ನು ವಸಂತವರ್ಣನೆ ಎಂದದ್ದು ಈ ಮೊದಲ ಪದ್ಯದ ಬಲದಿಂದ. ಆದರೆ ಕವಿ ಆ ಸಂತೋಷದಲ್ಲಿ ನಿಲ್ಲದೆ ತಕ್ಷಣ ಹಿಂದಕ್ಕೆ ತಿರುಗುತ್ತಾನೆ. ಮುರುಟಿದ ತನ್ನ ಹೃದಯ ಮತ್ತೆ ಹಸುರಾದೀತೆಂದು ಯಾರು ಎಣಿಸಿದ್ದರು ಎಂದು ಬೆರಗಾಗುತ್ತಾನೆ. ಅರಳಿ ಮುಗಿದ ಹೂಗಳು ನೆಲದೊಳಕ್ಕೆ, ತಾಯಿಬೇರಿನ ಬಳಿಗೆ ಹೋಗುವಂತೆ ಅದು ಹೋಗಿತ್ತು. ಹೊರಗೆ ಕೆಟ್ಟ ಹವೆ ಇರುವಷ್ಟು ಕಾಲ, ಜಗತ್ತಿನ ಪಾಲಿಗೆ ಸತ್ತಂತಿದ್ದು, ಅಲ್ಲಿ ಗುಟ್ಟಾಗಿ ಸಂಸಾರ ಹೂಡಿತ್ತು. ಇಡೀ ಕವಿತೆಯಲ್ಲಿ ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸುವ ಸ್ಥಳ ಇದು. ಬೆಳವಣಿಗೆಯು ಹೊರಗೆ ಏನೂ ಕಾಣದಿದ್ದ ಆ ದಿನಗಳಲ್ಲೇ ನಡೆದಿತ್ತು. ಹೂವು ಅದರ ಸಾಕ್ಷಿ ಮಾತ್ರ.

ಇದಕ್ಕಿಂತ ಮುಖ್ಯವಾದದ್ದು ಕವಿತೆಯ ಉತ್ತರಾರ್ಧದ ಆತ್ಮಪರೀಕ್ಷೆ. ಎಷ್ಟೋ ವಸಂತಗಳಲ್ಲಿ ತಾನು ಸ್ವರ್ಗದ ಕಡೆಗೆ ನೆಟ್ಟಗೆ ಚಿಮ್ಮಿದ್ದುಂಟು, ಪಶ್ಚಾತ್ತಾಪದ ಕಣ್ಣೀರೇ ಆ ಚಿಗುರಿಗೆ ಮಳೆಯಾದದ್ದುಂಟು ಎಂದು ಕವಿ ಹೇಳುತ್ತಾನೆ. ಆದರೆ ಸ್ವರ್ಗವೇ ತನ್ನದೆಂಬಂತೆ ಬೆಳೆಯತೊಡಗಿದಾಗ ದೇವರ ಕೋಪದ ಹಿಮ ಬಿದ್ದು ಅದು ಕಮರುತ್ತದೆ. ಇಲ್ಲಿ ಚಿಗುರಿನ ಸ್ವಭಾವ ಬದಲಾಗುತ್ತದೆ. ಭಕ್ತಿಯ ಉತ್ಸಾಹವೇ ಅಹಂಕಾರದ ಉತ್ಸಾಹವೂ ಆಗಬಲ್ಲದು. ಎರಡೂ ಒಂದೇ ಕಾಂಡದಲ್ಲಿ ಮೇಲೇರುತ್ತವೆ. ಕೊನೆಯ ಪದ್ಯದಲ್ಲಿ ಕವಿ ತಲಪುವ ನಿಲುವು ಇದಕ್ಕೆ ಅನುಗುಣವಾಗಿದೆ: ನಾವು ಜಾರಿಹೋಗುವ ಹೂಗಳು ಎಂಬುದನ್ನು ಒಪ್ಪಿದವರಿಗೆ ದೇವರು ಬಾಡದ ತೋಟವೊಂದನ್ನು ಕೊಡುತ್ತಾನೆ, ಅದಕ್ಕಿಂತ ಹೆಚ್ಚಿನವರಾಗಬಯಸುವವರು ಆ ಅಹಂಕಾರದಿಂದಲೇ ಅದನ್ನು ಕಳೆದುಕೊಳ್ಳುತ್ತಾರೆ.

ಈ ಎರಡು ತುದಿಗಳ ನಡುವೆ, ಆರನೆಯ ಪದ್ಯದಲ್ಲಿ, ಕವಿ ತಾನು ವಯಸ್ಸಿನಲ್ಲಿ ಮತ್ತೆ ಮೊಗ್ಗಾದುದನ್ನೂ ಮಳೆ, ಇಬ್ಬನಿಗಳ ವಾಸನೆ ಮತ್ತೆ ತಿಳಿಯುತ್ತಿರುವುದನ್ನೂ ಪದ್ಯ ಕಟ್ಟುವುದು ಮತ್ತೆ ರುಚಿಸುತ್ತಿರುವುದನ್ನೂ ಹೇಳುತ್ತಾನೆ. ವಯಸ್ಸೆಂದು ಹೀಗೆ ಹೇಳಿಕೊಂಡವನು ನಲವತ್ತನ್ನು ಮುಟ್ಟದೆಯೇ ತೀರಿಕೊಂಡನು. ವಾಸನೆ, ರುಚಿ, ಬರವಣಿಗೆ ಇವು ಚಿಕ್ಕ ಸಂಗತಿಗಳು; ರೋಗಿಯು ಚೇತರಿಸಿಕೊಳ್ಳುವಾಗ ಮೊದಲು ಮರಳುವಂಥವು. ಹರ್ಬರ್ಟನ ವಸಂತ ಈ ಪ್ರಮಾಣದ್ದು. ಅದರಲ್ಲಿ ಅರಸನ ಮೆರವಣಿಗೆಯಿಲ್ಲ.

ಆತನ ಇತರ ಎರಡು ಕವಿತೆಗಳು ಈ ಓದನ್ನು ಸಮರ್ಥಿಸುತ್ತವೆ. 'ವರ್ಚ್ಯೂ' ಕವಿತೆಯಲ್ಲಿ ಹಗಲು, ಗುಲಾಬಿಗಳೊಡನೆ ವಸಂತವೂ ಸಾಯಬೇಕಾದ ವಸ್ತುಗಳ ಸಾಲಿಗೆ ಸೇರುತ್ತದೆ; ಉಳಿಯುವುದು ಹದಗೊಂಡ ಮರದ ದಿಮ್ಮಿಯಂಥ ಆತ್ಮ. 'ಈಸ್ಟರ್' ಕವಿತೆಯಲ್ಲಿ ಭಕ್ತನು ಪ್ರಭುವಿನ ದಾರಿಗೆ ಹಾಸಲು ಹೂವನ್ನೂ ಚಿಗುರುಕೊಂಬೆಗಳನ್ನೂ ತರುತ್ತಾನೆ, ಆದರೆ ಆತ ನಸುಕಿನಲ್ಲೇ ಎದ್ದು ತನ್ನ ಪರಿಮಳವನ್ನು ತಾನೇ ತಂದಾಗಿರುತ್ತದೆ. ಫಾರ್ಚುನಾಟಸನ ಹೂಗಳು ಪ್ರಭುವನ್ನು ಸ್ವಾಗತಿಸಿದವು. ಹರ್ಬರ್ಟನ ಹೂಗಳು ತಡವಾಗಿ ಬಂದವು. ಮನುಷ್ಯನ ಸಾಧನೆಯಿಂದ ವಸಂತ ಹುಟ್ಟುವುದಿಲ್ಲ, ಅದು ಬರುವಾಗ ನೆಲ ಸಿದ್ಧವಾಗಿರುವಂತೆ ನೋಡಿಕೊಳ್ಳುವುದಷ್ಟೇ ಸಾಧನೆಯ ಕೆಲಸ ಎಂಬ ಅನುಗ್ರಹತತ್ತ್ವವು ಈ ಸಣ್ಣ ತಡವಿನಲ್ಲಿ ಅಡಗಿದೆ.

೫

ಇನ್ನು ಚೆನ್ನೈಯ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಕಾಳಿದಾಸನ 'ಕುಮಾರಸಂಭವ'ದ ಮೂರನೆಯ ಸರ್ಗದಲ್ಲಿ ಶಿವನ ತಪೋವನಕ್ಕೆ ಅಕಾಲವಸಂತವು ನುಗ್ಗುತ್ತದೆ. ಕಾಮನ ಕಾರ್ಯಕ್ಕೆ ಅದು ಪೂರ್ವಸಿದ್ಧತೆ. ತಪಸ್ಸಿಗೆ ಅದು ವಿಘ್ನ. ಹರಿಹರನ 'ಗಿರಿಜಾಕಲ್ಯಾಣ'ವೂ ಈ ಕಥಾವಸ್ತುವನ್ನು ಕನ್ನಡದಲ್ಲಿ ನೆಲೆಗೊಳಿಸಿತು. ಆದ್ದರಿಂದ 'ತಪಸ್ಸುಕಾಲದ ವಸಂತ' ಎಂದೊಡನೆ ಕನ್ನಡ ಕಿವಿಗೆ ಮೊದಲು ಕೇಳಿಸುವುದು ಬೆಳವಣಿಗೆಯಲ್ಲ, ಪ್ರಲೋಭನೆ. ಇದನ್ನು ಅನುವಾದದ ತೊಡಕೆಂದು ಪಕ್ಕಕ್ಕೆ ಸರಿಸುವುದು ನಮ್ಮ ಹಿಂದಿನ ತಪ್ಪನ್ನೇ ಮತ್ತೆ ಮಾಡಿದಂತೆ. ಈ ವಿರೋಧವೇ ಹರ್ಬರ್ಟನನ್ನು ಸರಿಯಾಗಿ ಓದಲು ನಮಗೆ ನೆರವಾಗುತ್ತದೆ. ತಪಸ್ಸನ್ನು ಕೆಡಿಸುವ ವಸಂತನು ಹರ್ಬರ್ಟನ ಕವಿತೆಯಲ್ಲಿಯೂ ಇದ್ದಾನೆ. ಸ್ವರ್ಗ ತನ್ನದೆಂಬಂತೆ ಚಿಮ್ಮುವ ಆ ಚಿಗುರಿನಲ್ಲಿ ಇದ್ದಾನೆ. ವ್ಯತ್ಯಾಸ ಇರುವುದು ಆತನಿಗೆ ಒದಗುವ ಗತಿಯಲ್ಲಿ. ನಮ್ಮ ಪುರಾಣದಲ್ಲಿ ತಪಸ್ವಿಯ ಕಣ್ಣು ವಸಂತನ ಗೆಳೆಯನನ್ನು ಸುಡುತ್ತದೆ. ಹರ್ಬರ್ಟನ ತೋಟದಲ್ಲಿ ಸುಡುವುದಿಲ್ಲ, ಸವರುತ್ತಾರೆ. ಸವರಿದ್ದು ಮತ್ತೆ ಚಿಗುರುವುದರಿಂದ ಉಪವಾಸವು ಪ್ರತಿವರ್ಷವೂ ಮರಳಬೇಕಾಗುತ್ತದೆ. ಒಂದು ಅಪೂರ್ವ ಘಟನೆ, ಇನ್ನೊಂದು ವಾರ್ಷಿಕ ಕೃಷಿ. ಎರಡು ಪರಂಪರೆಗಳ ನಡುವಣ ಅಂತರವನ್ನು ನಾವು ಇಲ್ಲಿ ಅಳೆಯಬೇಕು.

ನವ್ಯದ ಕಾಲದಿಂದ ಕನ್ನಡಕ್ಕೆ ಆಪ್ತನಾದ ಎಲಿಯಟನನ್ನು ಇಲ್ಲಿ ನೆನೆಯಬಹುದು. ೧೯೨೨ರ 'ದಿ ವೇಸ್ಟ್ ಲ್ಯಾಂಡ್'ನಲ್ಲಿ ಏಪ್ರಿಲ್ ತಿಂಗಳನ್ನು ಕ್ರೂರವೆಂದವನು, ೧೯೩೦ರ 'ಆ್ಯಷ್ ವೆನ್ಸ್‌ಡೇ'ಯ ಬಳಿಕ, ೧೯೪೨ರ 'ಲಿಟ್ಲ್ ಗಿಡಿಂಗ್'ನಲ್ಲಿ ಚಳಿಗಾಲದ ನಡುವೆ ಕಾಣುವ ಒಂದು ವಸಂತವನ್ನು ಚಿತ್ರಿಸುತ್ತಾನೆ. ಆ ಕವಿತೆಗೆ ಹೆಸರು ಕೊಟ್ಟ ಹಳ್ಳಿಯು ಹರ್ಬರ್ಟನ ಕವಿತೆಗಳನ್ನು ಲೋಕಕ್ಕೆ ತಂದ ಫೆರಾರನ ಪ್ರಾರ್ಥನಾಸಮುದಾಯ ನೆಲೆಸಿದ್ದ ಸ್ಥಳ. ಬೇಲಿಯ ಮೇಲಿನ ಹಿಮವೇ ಹೂವಾಗಿ ತೋರುವ ಎಲಿಯಟನ ವಸಂತವೂ ಅಕಾಲವಸಂತವೇ. ಕಾಳಿದಾಸನಲ್ಲಿ ಅಕಾಲವಸಂತವು ವಿಘ್ನವಾದರೆ ಇಲ್ಲಿ ಅದು ಅನುಗ್ರಹದ ಸೂಚನೆ.

ಬೇಂದ್ರೆಯವರ 'ಯುಗಾದಿ' ಕವಿತೆ ಇನ್ನೊಂದು ದಿಕ್ಕಿನಿಂದ ಬೆಳಕು ಕೊಡುತ್ತದೆ. ವರ್ಷವರ್ಷವೂ ಹೊಸದಾಗುವ ನಿಸರ್ಗವನ್ನು ಕಂಡು, ಮನುಷ್ಯನಿಗೇಕೆ ಆ ಭಾಗ್ಯವಿಲ್ಲ ಎಂದು ಅದು ಕೇಳುತ್ತದೆ. ಹರ್ಬರ್ಟನು ಆ ಭಾಗ್ಯ ತನಗೆ ದೊರೆತಿದೆ ಎನ್ನುತ್ತಾನೆ. ಆದರೆ ಎಷ್ಟೋ ಸಾವುಗಳನ್ನು ದಾಟಿ, ಮತ್ತೆ ಬಾಡುವ ಷರತ್ತಿನ ಮೇಲೆ. ಒಂದು ಪ್ರಶ್ನೆ, ಇನ್ನೊಂದು ಸಾಕ್ಷ್ಯ. ಇವೆರಡನ್ನ ಎದುರುಬದುರಾಗಿ ಓದುವುದು ವಸಂತವರ್ಣನೆಗಳ ಸಾಮ್ಯಪಟ್ಟಿಗಿಂತ ಫಲಪ್ರದವಾದ ತೌಲನಿಕ ಅಧ್ಯಯನವಾಗುತ್ತದೆ.

೬

ಒಟ್ಟಿನಲ್ಲಿ ನಾವು ಹೇಳಬಯಸುವುದು ಇಷ್ಟು. ಲೆಂಟಿಗೂ ವಸಂತಕ್ಕೂ ಇರುವ ಸಂಬಂಧ ಮತತತ್ತ್ವದಿಂದ ಬಂದದ್ದಲ್ಲ. ಒಂದು ಭಾಷೆಯ ಪದಚರಿತ್ರೆಯಿಂದಲೂ ಒಂದು ಭೂಭಾಗದ ಹವೆಯಿಂದಲೂ ಬಂದದ್ದು. ಆ ಸಂಬಂಧಕ್ಕೆ ಅರ್ಥ ತುಂಬಿದವರು ವಸಂತವನ್ನು ಸವರುವ ಕಾಲವೆಂದು ಓದಿದ ಮಧ್ಯಯುಗದ ವ್ಯಾಖ್ಯಾನಕಾರರು. ಅದನ್ನು ಒಬ್ಬ ವ್ಯಕ್ತಿಯ ಅನುಭವವಾಗಿ ಸಾಧಿಸಿದವನು ಹರ್ಬರ್ಟ್. ಆತನ 'ದಿ ಫ್ಲವರ್' ವಸಂತವರ್ಣನೆಯಲ್ಲ. ಅದು ಬೇರಿನ ಕವಿತೆ. ಹಿಂದೆ ನಾವು ಆಡಿದ ಮಾತನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತೇವೆ.

ಅನುವಾದಕರಿಗೂ ಇದರಲ್ಲಿ ಒಂದು ಸೂಚನೆಯಿದೆ. 'ತಪಸ್ಸುಕಾಲ' ಎಂಬ ಕನ್ನಡ ಹೆಸರನ್ನು ವಸಂತದಿಂದ ಅಲಂಕರಿಸಲು ಹೋಗಬೇಕಾಗಿಲ್ಲ. ತಪಸ್ಸಿನ ಧಾತುವಿನಲ್ಲಿರುವುದು ಕಾವು. ನಮ್ಮ ನಾಡಿನಲ್ಲಿ ಈ ನಲವತ್ತು ದಿನಗಳು ಬರುವುದು ಬಿಸಿಲು ಏರುತ್ತ ಕೆರೆಗಳು ಇಳಿಯುತ್ತಿರುವಾಗ. ಮಳೆಗೆ ಇನ್ನೂ ತಿಂಗಳುಗಳಿರುವಂತೆಯೇ ಹೊಂಗೆ, ಬೇವು, ಅರಳಿ ತಮ್ಮ ಹಳೆಯ ಎಲೆಗಳನ್ನು ಉದುರಿಸಿ, ಒಣನೆಲದ ಆಳದಿಂದ ನೀರನ್ನೆಳೆದು ತಳಿರೊಡೆಯುತ್ತವೆ. ಹಿಮವನ್ನು ಕಾಣದ ಈ ನೆಲದಲ್ಲಿ ತಪಸ್ಸಿಗೂ ಚಿಗುರಿಗೂ ಇರುವ ಸಂಬಂಧವನ್ನು ಹೇಳಬೇಕಾದ ಕವಿಗೆ ಈ ಮರಗಳು ಸಾಕು. ಅಂಥ ಕವಿತೆ ಕನ್ನಡದಲ್ಲಿ ಬರೆಯಲ್ಪಟ್ಟಾಗ ಅದನ್ನು ಹರ್ಬರ್ಟನ ಪಕ್ಕದಲ್ಲಿ ಇಡಬಹುದು; ಆಗ ಸಾಮ್ಯವನ್ನು ಹುಡುಕುವ ಶ್ರಮ ನಮಗೆ ಬೀಳಲಾರದು.